ಕಾಣದ್ದು ಮತ್ತು ಇಲ್ಲದ್ದು

'ಇದೆ' ಎನ್ನಲು ಒಮ್ಮೆ ಕಂಡರೆ ಸಾಕು. 'ಇಲ್ಲ' ಎನ್ನಲು ಎಷ್ಟು ಹುಡುಕಿರಬೇಕು? ತರ್ಕಶಾಸ್ತ್ರದ ತರಗತಿಯಲ್ಲಿ ಪ್ರತಿ ವರ್ಷ ಈ ಪ್ರಶ್ನೆ ಕೇಳುತ್ತೇನೆ. ವಿದ್ಯಾರ್ಥಿಗಳು ಮೊದಲು ನಗುತ್ತಾರೆ. ಕಿಸೆಯಲ್ಲಿ ಪೆನ್ನಿಲ್ಲ ಎನ್ನಲು ಕಿಸೆ ಮುಟ್ಟಿ ನೋಡಿದರಾಯಿತು ಎನ್ನುತ್ತಾರೆ. ಹಾಗಾದರೆ ಕೆಲಗೇರಿ ಕೆರೆಯಲ್ಲಿ ಮೀನಿಲ್ಲ ಎನ್ನಲು? ದಂಡೆಯ ಮೇಲೆ ನಿಂತು ಒಮ್ಮೆ ಕಣ್ಣಾಡಿಸಿದರಾಯಿತೆ? ಇಷ್ಟು ಕೇಳಿದ ಮೇಲೆ ತರಗತಿ ಕೊಂಚ ಸುಮ್ಮನಾಗುತ್ತದೆ. 'ಇದೆ' ಎಂಬುದು ವಸ್ತುವಿನ ಬಗೆಗಿನ ಮಾತು. 'ಇಲ್ಲ' ಎಂದಾಗ ನಾವು ವಸ್ತುವಿನ ಬಗೆಗೆ ಹೇಳಿದಷ್ಟೇ ನಮ್ಮ ಹುಡುಕಾಟದ ಬಗೆಗೂ ಹೇಳಿರುತ್ತೇವೆ. ಆ ಎರಡನೆಯ ಭಾಗವನ್ನು ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಕಳೆದ ಮಳೆಗಾಲದಲ್ಲಿ ಈ ಪಾಠಕ್ಕೆ ಹೊಸದೊಂದು ಉದಾಹರಣೆ ಸಿಕ್ಕಿತು. ಸಪ್ತಾಪುರದಲ್ಲಿ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗ ಜಾನಪದದಲ್ಲಿ ಸಂಶೋಧನೆ ಮಾಡುತ್ತಿದ್ದಾನೆ. ಊರೂರು ತಿರುಗಿ ಬೀಸುವ ಪದ, ಸೋಬಾನೆ ಪದ ಹಾಡುವ ಹಿರಿಯ ಹೆಣ್ಣುಮಕ್ಕಳ ಧ್ವನಿ ಹಿಡಿದುಕೊಂಡು ಬರುತ್ತಾನೆ. ಕಂಪ್ಯೂಟರಿನಲ್ಲಿ ಜಾಗ ಸಾಲದೆ ಹುಬ್ಬಳ್ಳಿಗೆ ಹೋಗಿ 4 ಟೆರಾಬೈಟಿನ ಹೊಸ ಹಾರ್ಡ್ ಡಿಸ್ಕ್ ತಂದ. ಡಬ್ಬಿ ಬಿಚ್ಚಿ, ತಂತಿ ಜೋಡಿಸಿ, ಚಾಲೂ ಮಾಡಿದರೆ ಡಿಸ್ಕಿನ ಸುಳಿವೇ ಇಲ್ಲ. ಕೆಳಗೆ ಬಂದು, "ಸರ, ಹೊಸಾ ಡಿಸ್ಕ್ ತೋರಸವಲ್ದರಿ. ಗೆಳ್ಯಾರೆಲ್ಲಾ ಅದು ಸತ್ತೈತಿ, ವಾಪಸ್ ಕೊಟ್ಟು ಬಾ ಅನ್ನಾಕತ್ತಾರ" ಅಂದ.

ಅವನ ಎರಡು ವಾಕ್ಯಗಳ ನಡುವೆ ದೊಡ್ಡ ಕಂದಕವಿದೆ. ನಮ್ಮ ಕಡೆಯ ಮಾತಿನಲ್ಲಿ ಮಳಿ ಬರವಲ್ದು, ಗಾಡಿ ಚಾಲೂ ಆಗವಲ್ದು, ಕೂಸು ಉಣವಲ್ದು ಎನ್ನುತ್ತೇವೆ. ಈ 'ವಲ್ದು' ಎಂಬುದು 'ಒಲ್ಲದು'. ಮಳೆಗೆ ಬರಲು ಮನಸ್ಸಿಲ್ಲ, ಗಾಡಿಗೆ ಹೊರಡಲು ಮನಸ್ಸಿಲ್ಲ. ಇದರಲ್ಲಿ ಸಿಟ್ಟಿದೆ, ಅಸಹಾಯಕತೆ ಇದೆ. ಆದರೆ ವಸ್ತು ಇದೆ ಎಂಬ ನಂಬಿಕೆ ಮಾತ್ರ ಕೆಟ್ಟಿಲ್ಲ. 'ತೋರಸವಲ್ದು' ಎನ್ನುವವನು ಇನ್ನೊಮ್ಮೆ ನೋಡಲು ಸಿದ್ಧನಿದ್ದಾನೆ. 'ಸತ್ತೈತಿ' ಎನ್ನುವವನು ನೋಡುವುದನ್ನು ಮುಗಿಸಿದ್ದಾನೆ. ಕಾಣುತ್ತಿಲ್ಲ ಎಂಬಲ್ಲಿಂದ ಇಲ್ಲ ಎಂಬಲ್ಲಿಗೆ ಜಿಗಿಯುವ ಹಕ್ಕು ಯಾವಾಗ ಬರುತ್ತದೆ? ನನ್ನ ಮಟ್ಟಿಗೆ ಇದು ಜ್ಞಾನದ ಪ್ರಶ್ನೆ ಎಷ್ಟೋ ಅಷ್ಟೇ ನೀತಿಯ ಪ್ರಶ್ನೆ.

ಕಂಪ್ಯೂಟರು ಡಿಸ್ಕನ್ನು 'ಕಾಣುವುದು' ಎಂದರೇನು ಎಂಬುದನ್ನು ಮೊದಲು ನೋಡೋಣ. ಅದಕ್ಕೆ ಕಣ್ಣಿಲ್ಲ. ವಿದ್ಯುತ್ ಬಂದ ಕೂಡಲೇ ಮದರ್‌ಬೋರ್ಡಿನೊಳಗಿನ ಬಯಾಸ್ ಎಂಬ ಸಣ್ಣ ತಂತ್ರಾಂಶ ಎಚ್ಚರಗೊಂಡು ತನಗೆ ತಗಲಿಕೊಂಡ ಪ್ರತಿಯೊಂದು ಪೋರ್ಟಿನ ಬಾಗಿಲು ತಟ್ಟುತ್ತದೆ. ಅಲ್ಲಿ ಯಾರಾದರೂ ಓಗೊಟ್ಟರೆ 'ನೀನು ಯಾರು' ಎಂಬ ಅರ್ಥದ ಒಂದು ಆಜ್ಞೆ ಕಳಿಸುತ್ತದೆ. ಡಿಸ್ಕು ತನ್ನ ಮಾಡೆಲ್ ಹೆಸರು, ಸೀರಿಯಲ್ ಸಂಖ್ಯೆ, ಸಾಮರ್ಥ್ಯ ಎಲ್ಲವನ್ನೂ 512 ಬೈಟುಗಳ ಒಂದು ಉತ್ತರದಲ್ಲಿ ತುಂಬಿ ಕಳಿಸುತ್ತದೆ. ಉತ್ತರ ಬಂದರೆ ಹೆಸರು ಪಟ್ಟಿಗೆ ಏರುತ್ತದೆ. ಬರದಿದ್ದರೆ ಆ ಸಾಲು ಖಾಲಿ. ಅಂದರೆ ಇಲ್ಲಿ ಕಾಣುವುದೆಂದರೆ ಕೇಳುವುದು, ಮತ್ತು ಉತ್ತರಕ್ಕೆ ಕಾಯುವುದು. ಪ್ರಶ್ನೆ ತಲುಪದಿದ್ದರೂ, ಉತ್ತರ ದಾರಿಯಲ್ಲಿ ಕಳೆದುಹೋದರೂ, ಕೇಳಿದವನು ಕಾಯದೆ ಮುಂದೆ ಹೋದರೂ, ಬಾಗಿಲಿನ ಹಿಂದೆ ನಿಜಕ್ಕೂ ಯಾರೂ ಇರದಿದ್ದರೂ ಪಟ್ಟಿಯಲ್ಲಿ ಕಾಣುವುದು ಒಂದೇ: ಖಾಲಿ ಸಾಲು. ನಾಲ್ಕು ಬೇರೆ ಬೇರೆ ಸಂಗತಿಗಳಿಗೆ ಒಂದೇ ಮುಖ.

ನಾವಿಬ್ಬರೂ ಅಂದು ಸಂಜೆ ಮಾಡಿದ್ದು ಈ ಖಾಲಿ ಸಾಲನ್ನು ಬಿಡಿಸಿ ಓದುವ ಕೆಲಸ. ಹಾರ್ಡ್ ಡಿಸ್ಕಿಗೆ ಎರಡು ತಂತಿಗಳು: ಅಗಲದ್ದು ವಿದ್ಯುತ್ತಿಗೆ, ಕಿರಿದಾದದ್ದು ಮಾಹಿತಿಗೆ. ಡಬ್ಬಿಯ ಮೇಲೆ ಬೆರಳಿಟ್ಟರೆ ಒಳಗಿನ ತಟ್ಟೆಗಳು ತಿರುಗುವ ಸಣ್ಣ ನಡುಕ ಗೊತ್ತಾಗುತ್ತಿತ್ತು; ಅಂದರೆ ವಿದ್ಯುತ್ ತಲುಪಿದೆ, ಅದು ಸತ್ತಿಲ್ಲ. ಮಾಹಿತಿಯ ಕೇಬಲ್ ಬದಲಿಸಿದೆವು. ಉಪಯೋಗವಾಗಲಿಲ್ಲ. ಆಮೇಲೆ ಮದರ್‌ಬೋರ್ಡಿನ ಕೈಪಿಡಿ ತೆಗೆದು ಓದಿದಾಗ ಕಾರಣ ಸಿಕ್ಕಿತು. ಆ ಕಂಪ್ಯೂಟರಿನಲ್ಲಿ ಎಂ.2 ಎಂಬ ಚಪ್ಪಟೆ ಜಾಗದಲ್ಲಿ ಒಂದು ಎಸ್‌ಎಸ್‌ಡಿ ಮೊದಲೇ ಕೂತಿತ್ತು. ಅನೇಕ ಮದರ್‌ಬೋರ್ಡುಗಳಲ್ಲಿ ಎಂ.2 ಜಾಗವೂ ಒಂದೆರಡು ಸಾಟಾ ಪೋರ್ಟುಗಳೂ ಒಂದೇ ದಾರಿಯನ್ನು ಹಂಚಿಕೊಂಡಿರುತ್ತವೆ. ಅಲ್ಲಿ ಎಸ್‌ಎಸ್‌ಡಿ ಬಂದು ಕೂತರೆ ಇಲ್ಲಿ ಪೋರ್ಟು ತಾನಾಗಿ ಮುಚ್ಚುತ್ತದೆ. ನೋಡಲು ಬಾಗಿಲು ಇದೆ. ಕೇಬಲ್ ಅದರಲ್ಲಿ ಗಟ್ಟಿಯಾಗಿ ಕೂರುತ್ತದೆ. ಒಳಗೆ ಮಾತ್ರ ಯಾರೂ ಕೇಳಿಸಿಕೊಳ್ಳುತ್ತಿಲ್ಲ. ಕೇಬಲನ್ನು ಪಕ್ಕದ ಪೋರ್ಟಿಗೆ ಹಾಕಿದೆವು. ಬಯಾಸಿನ ಪಟ್ಟಿಯಲ್ಲಿ ಹೆಸರು ಮೂಡಿತು.

ಹುಡುಗ ಖುಷಿಯಾದ. ಆದರೆ ವಿಂಡೋಸ್ ತೆರೆದರೆ ಡ್ರೈವುಗಳ ಸಾಲಿನಲ್ಲಿ ಡಿಸ್ಕ್ ಮತ್ತೆ ಇಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಒಳಕೋಣೆಗೆ ಹೋಗಿ ನೋಡಿದರೆ ಅಲ್ಲಿ ಇದೆ, ಕಪ್ಪು ಪಟ್ಟಿಯಾಗಿ, ಯಾರಿಗೂ ಹಂಚಿಕೆಯಾಗದ ಜಾಗವೆಂಬ ಹಣೆಪಟ್ಟಿ ಹೊತ್ತು. ಅದಕ್ಕೊಂದು ವಿಭಜನೆಯ ಕ್ರಮ ಗೊತ್ತುಮಾಡಬೇಕು. 1983ರಿಂದ ಬಳಕೆಯಲ್ಲಿರುವ ಹಳೆಯ ಎಂಬಿಆರ್ ಕ್ರಮದಲ್ಲಿ ಜಾಗದ ವಿಳಾಸ ಬರೆಯಲು 32 ಬಿಟ್ಟುಗಳಷ್ಟೇ ಇವೆ. 512 ಬೈಟಿನ ತುಂಡುಗಳ ಲೆಕ್ಕದಲ್ಲಿ ಅದು ಸುಮಾರು 2.2 ಟೆರಾಬೈಟಿಗೆ ಮುಗಿದುಹೋಗುತ್ತದೆ. 4 ಟೆರಾಬೈಟಿನ ಡಿಸ್ಕಿಗೆ ಆ ಕ್ರಮ ಕೊಟ್ಟರೆ ಹೆಚ್ಚುಕಡಿಮೆ ಅರ್ಧ ಡಿಸ್ಕು ಕೈಗೆಟುಕುವುದಿಲ್ಲ. ತಟ್ಟೆಯ ಮೇಲೆ ಜಾಗ ಇದ್ದೇ ಇದೆ. ಅದನ್ನು ಎಣಿಸಲು ಬೇಕಾದಷ್ಟು ಅಂಕೆ ಎಣಿಸುವವನ ಬಳಿ ಇಲ್ಲ. ಹೊಸ ಜಿಪಿಟಿ ಕ್ರಮ ಕೊಟ್ಟು, ಫಾರ್ಮ್ಯಾಟ್ ಮಾಡಿ, ಒಂದು ಅಕ್ಷರದ ಹೆಸರಿಟ್ಟ ಮೇಲೆ ಡಿಸ್ಕ್ ಎಲ್ಲರಿಗೂ ಕಾಣಿಸಿತು. ರಾತ್ರಿ ಊಟದ ಹೊತ್ತಿಗೆ ಕೆಲಸ ಮುಗಿದಿತ್ತು.

ಕೆಲಸ ಮುಗಿದರೂ ನನಗೆ ಒಂದು ಹಳೆಯ ಪಟ್ಟಿ ನೆನಪಾಗಿ ತಲೆಯಲ್ಲಿ ಉಳಿಯಿತು. ಸಾಂಖ್ಯ ದರ್ಶನದ ಈಶ್ವರಕೃಷ್ಣ ತನ್ನ 'ಸಾಂಖ್ಯಕಾರಿಕೆ'ಯ ಏಳನೆಯ ಕಾರಿಕೆಯಲ್ಲಿ, ಇರುವ ವಸ್ತುವೂ ಕಾಣದಿರಲು ಎಂಟು ಕಾರಣಗಳನ್ನು ಹೇಳುತ್ತಾನೆ: ಅತಿ ದೂರ, ಅತಿ ಹತ್ತಿರ, ಇಂದ್ರಿಯದ ಊನ, ಮನಸ್ಸು ಅಲ್ಲಿಲ್ಲದಿರುವುದು, ಸೂಕ್ಷ್ಮತೆ, ನಡುವಿನ ಅಡ್ಡಿ, ಇನ್ನೊಂದರ ಪ್ರಾಬಲ್ಯ, ತನ್ನಂಥದೇ ಆದುದರಲ್ಲಿ ಬೆರೆತುಹೋಗುವುದು. ವ್ಯಾಖ್ಯಾನಕಾರರು ಕೊಡುವ ಉದಾಹರಣೆಗಳು ಇನ್ನೂ ಚಂದ. ಬಹಳ ಎತ್ತರದಲ್ಲಿ ಹಾರುವ ಹಕ್ಕಿ ದೂರದಿಂದ ಕಾಣುವುದಿಲ್ಲ. ಕಣ್ಣಿಗೆ ಹಚ್ಚಿದ ಕಾಡಿಗೆ ಹತ್ತಿರದಿಂದ ಕಾಣುವುದಿಲ್ಲ. ಹಗಲಿನ ಸೂರ್ಯನ ಮುಂದೆ ಗ್ರಹ ನಕ್ಷತ್ರಗಳು ಕಾಣುವುದಿಲ್ಲ. ಕೆರೆಗೆ ಬಿದ್ದ ಮಳೆಹನಿ ಕೆರೆಯ ನೀರಿನಲ್ಲಿ ಬೇರೆಯಾಗಿ ಕಾಣುವುದಿಲ್ಲ.

ಒಂದೂವರೆ ಸಾವಿರ ವರ್ಷ ಹಳೆಯ ಈ ಪಟ್ಟಿಯನ್ನು ಕಂಪ್ಯೂಟರ್ ರಿಪೇರಿಯವರ ಮೇಜಿನ ಮೇಲೆ ಅಂಟಿಸಬಹುದು. ಸಾಟಾ ಕೇಬಲ್ಲಿಗೆ ಒಂದು ಮೀಟರಿನ ಮಿತಿ ಇದೆ, ಅದು ದೂರ. ವಿಂಡೋಸ್ ತಾನು ಎದ್ದೇಳಲು ನೆಚ್ಚಿಕೊಂಡ ಸಣ್ಣ ಪಾರ್ಟಿಶನ್ನನ್ನೇ ನಮ್ಮ ಪಟ್ಟಿಯಲ್ಲಿ ತೋರಿಸುವುದಿಲ್ಲ. ಅದು ಕಣ್ಣಿನ ಕಾಡಿಗೆ. ಮುರಿದ ಪೋರ್ಟು ಇಂದ್ರಿಯದ ಊನ. ಡಿಸ್ಕಿನ ತಟ್ಟೆಗಳು ಪೂರ್ಣ ವೇಗಕ್ಕೆ ಬರಲು ಕೆಲವು ಸೆಕೆಂಡು ಬೇಕು. ಬೇಗ ಎದ್ದು ಓಡುವ ಅವಸರದಲ್ಲಿ ಬಯಾಸ್ ಅಷ್ಟು ಕಾಯದಿದ್ದರೆ ಅದು ಮನಸ್ಸು ಅಲ್ಲಿಲ್ಲದ ಸ್ಥಿತಿ. ಪಾರ್ಟಿಶನ್ ಇಲ್ಲದ ಡಿಸ್ಕು ಸೂಕ್ಷ್ಮ. ಡ್ರೈವರ್ ಸಿಗದ ಕಂಟ್ರೋಲರ್ ನಡುವಿನ ಗೋಡೆ. ಎಂ.2 ಎಸ್‌ಎಸ್‌ಡಿಯ ಮುಂದೆ ಮುಚ್ಚಿಹೋದ ಪೋರ್ಟು ಸೂರ್ಯನ ಮುಂದಿನ ನಕ್ಷತ್ರ. ಒಂದು ಡಿಸ್ಕಿನ ಪಡಿಯಚ್ಚಾಗಿ ಇನ್ನೊಂದನ್ನು ಮಾಡಿ ಎರಡನ್ನೂ ಜೋಡಿಸಿದರೆ, ಎರಡರ ಗುರುತಿನ ಸಂಖ್ಯೆ ಒಂದೇ ಆದ್ದರಿಂದ ವಿಂಡೋಸ್ ಒಂದನ್ನು ಬದಿಗೆ ಸರಿಸುತ್ತದೆ. ಅದು ಕೆರೆಗೆ ಬಿದ್ದ ಹನಿ.

ಇದು ಬರೀ ಹೋಲಿಕೆಯ ಆಟವಾಗಿದ್ದರೆ ಇಲ್ಲಿಗೆ ಬಿಡಬಹುದಿತ್ತು. ಆದರೆ ಈ ಎಂಟರಲ್ಲಿ ಒಂದು ಸಂಗತಿ ಗಮನಿಸಬೇಕು. ಎಂಟೂ ಕಾರಣಗಳಲ್ಲಿ ವಸ್ತುವಿನ ತಪ್ಪು ಎನ್ನಬಹುದಾದದ್ದು ಒಂದೂ ಇಲ್ಲ. ಕೆಲವು ನೋಡುವವನ ಕೊರತೆ, ಕೆಲವು ನಡುವಿನ ದಾರಿಯ ಕೊರತೆ, ಉಳಿದವು ನೋಡುವವನಿಗೂ ವಸ್ತುವಿಗೂ ಇರುವ ಸಂಬಂಧದ ಸ್ವರೂಪ. ಸಾಂಖ್ಯರಿಗೆ ಈ ಪಟ್ಟಿ ಬೇಕಾದದ್ದು ಪ್ರಕೃತಿ ಎಂಬ ಮೂಲತತ್ತ್ವ ಕಾಣದಿರುವುದು ಸೂಕ್ಷ್ಮತೆಯಿಂದ, ಇಲ್ಲದ್ದರಿಂದಲ್ಲ ಎಂದು ತೋರಿಸಲು. ಅವರ ಪ್ರಕೃತಿಯನ್ನು ಒಪ್ಪದವರೂ ಈ ಪಟ್ಟಿಯನ್ನು ಇಟ್ಟುಕೊಳ್ಳಬಹುದು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ಹೀಗೆ ಹೊರಟರೆ ಯಾವುದನ್ನೂ ಎಂದಿಗೂ 'ಇಲ್ಲ' ಎನ್ನಲಾಗುವುದಿಲ್ಲವಲ್ಲ? ಮೊಲಕ್ಕೆ ಕೊಂಬಿದೆ, ಅದು ಸೂಕ್ಷ್ಮ, ನಿಮಗೆ ಕಾಣುತ್ತಿಲ್ಲ ಅಷ್ಟೇ ಎಂದು ಯಾರಾದರೂ ಹೇಳಬಹುದು. ಮನೆಮುಂದೆ ಬಂದ ಮೋಸಗಾರನೂ ನಿಮಗೆ ಕಾಣದ ನಿಧಿಯ ಕತೆ ಹೇಳಬಹುದು. ಡಿಸ್ಕು ಕೆಲವೊಮ್ಮೆ ನಿಜಕ್ಕೂ ಸತ್ತೇ ಇರುತ್ತದೆ. ಹತ್ತು ಕೇಬಲ್ ಬದಲಿಸಿದರೂ ಅದು ಏಳುವುದಿಲ್ಲ. ಕಂಡಕಂಡ ಪೆನ್‌ಡ್ರೈವನ್ನೆಲ್ಲ ಕಣ್ಣು ಮುಚ್ಚಿ ಒಪ್ಪುವ ಕಂಪ್ಯೂಟರಿಗೆ ವೈರಸ್ ಹತ್ತುವುದು ಖಂಡಿತ. ಗುರುತಿಸುವವನಿಗೆ ನಿರಾಕರಿಸುವ ಶಕ್ತಿಯೂ ಬೇಕು. ಇಲ್ಲ ಎನ್ನಲು ಬಾರದವನ 'ಇದೆ'ಗೂ ಬೆಲೆ ಇರುವುದಿಲ್ಲ.

ಈ ಬಿಕ್ಕಟ್ಟನ್ನು ಭಾರತೀಯ ತಾರ್ಕಿಕರು ಚೆನ್ನಾಗಿ ಅರಿತಿದ್ದರು. ನೆಲದ ಮೇಲೆ ಮಡಕೆ ಇಲ್ಲ ಎಂಬುದು ನಮಗೆ ಹೇಗೆ ತಿಳಿಯುತ್ತದೆ ಎಂಬುದರ ಮೇಲೆ ಅವರು ಶತಮಾನಗಟ್ಟಲೆ ಜಗಳವಾಡಿದ್ದಾರೆ. ಅಭಾವವನ್ನೂ ಕಣ್ಣಿನಿಂದಲೇ ಕಾಣುತ್ತೇವೆ ಎಂದರು ನೈಯಾಯಿಕರು. ಇಲ್ಲ, ಇಲ್ಲದ್ದನ್ನು ತಿಳಿಯಲು ಅನುಪಲಬ್ಧಿ ಎಂಬ ಬೇರೆಯೇ ಪ್ರಮಾಣ ಬೇಕು ಎಂದರು ಕುಮಾರಿಲ ಭಟ್ಟನ ಹಾದಿಯ ಮೀಮಾಂಸಕರು ಮತ್ತು ಅದ್ವೈತಿಗಳು. ಕಾಣದಿರುವುದನ್ನು ಹೇತುವಾಗಿಟ್ಟು ಊಹಿಸುತ್ತೇವೆ ಎಂದ ಬೌದ್ಧ ತಾರ್ಕಿಕ ಧರ್ಮಕೀರ್ತಿ. ಜಗಳ ಇಷ್ಟು ದೊಡ್ಡದಾದರೂ ಒಂದು ಷರತ್ತನ್ನು ಬೇರೆ ಬೇರೆ ಮಾತುಗಳಲ್ಲಿ ಎಲ್ಲರೂ ಒಪ್ಪಿದ್ದಾರೆ. ಬರೀ ಕಾಣದಿರುವುದು ಸಾಲದು, ಅದು 'ಯೋಗ್ಯ' ಅನುಪಲಬ್ಧಿಯಾಗಿರಬೇಕು. ಮಡಕೆ ಅಲ್ಲಿದ್ದಿದ್ದರೆ ನನಗೆ ಕಂಡೇ ಕಾಣುತ್ತಿತ್ತು, ಬೆಳಕಿದೆ, ಕಣ್ಣು ಸರಿಯಿದೆ, ಅಡ್ಡಿಯಿಲ್ಲ, ಗಮನವಿದೆ, ಆದರೂ ಕಾಣುತ್ತಿಲ್ಲ — ಆಗ ಮಾತ್ರ 'ಇಲ್ಲ' ಎನ್ನಬಹುದು. ಕತ್ತಲಲ್ಲಿ ಮಡಕೆ ಕಾಣದಿದ್ದರೆ ಅದು ಏನನ್ನೂ ಸಾಧಿಸುವುದಿಲ್ಲ.

ಇದರಿಂದ ಆಕ್ಷೇಪಕ್ಕೆ ಉತ್ತರ ಸಿಗುತ್ತದೆ. ಮೊಲಕ್ಕೆ ಕೊಂಬಿದ್ದಿದ್ದರೆ ಕಾಣುವಂಥದ್ದೇ ಆಗಿರುತ್ತಿತ್ತು. ಆದ್ದರಿಂದ ಅದನ್ನು ಧೈರ್ಯವಾಗಿ ಅಲ್ಲಗಳೆಯಬಹುದು. ಆದರೆ ನಾನು ದೀಪ ಹಚ್ಚದೆ 'ಇಲ್ಲ' ಎಂದರೆ, ಸುಳ್ಳನ್ನು ಹೇಳಿದೆನೋ ಇಲ್ಲವೋ ಬೇರೆ ಮಾತು, ನನಗೆ ಇಲ್ಲದ ಹಕ್ಕನ್ನಂತೂ ಚಲಾಯಿಸಿದೆ. ಅಕಸ್ಮಾತ್ ಅಲ್ಲಿ ಮಡಕೆ ಇಲ್ಲದೇ ಇದ್ದರೂ ನನ್ನ ಮಾತು ಸರಿಯಾದದ್ದು ಅದೃಷ್ಟದಿಂದ. ತಾರ್ಕಿಕರು ಇದನ್ನು ಜ್ಞಾನದ ನಿಯಮವೆಂದು ಬರೆದರು. ನನಗೆ ಇದರೊಳಗೆ ಒಂದು ನೀತಿಯ ನಿಯಮ ಕಾಣುತ್ತದೆ: ಇಲ್ಲ ಎನ್ನುವವನ ಮೇಲೆ, ತನ್ನ ನೋಟ ಯೋಗ್ಯವಾಗಿತ್ತು ಎಂದು ತೋರಿಸುವ ಹೊಣೆ ಇದೆ.

ವೈದ್ಯಕೀಯ ಪ್ರಯೋಗಾಲಯದವರಿಗೆ ಈ ಸಂಯಮ ಇದೆ. ಅವರ ವರದಿಯಲ್ಲಿ ಎಷ್ಟೋ ಸಲ ರೋಗಾಣು 'ಇಲ್ಲ' ಎಂದು ಬರೆದಿರುವುದಿಲ್ಲ, 'ಪತ್ತೆಯಾಗಿಲ್ಲ' ಎಂದಿರುತ್ತದೆ. ತಮ್ಮ ಯಂತ್ರಕ್ಕೆ ಒಂದು ಮಿತಿ ಇದೆ, ಅದರ ಕೆಳಗಿನದು ತಮಗೆ ಕಾಣುವುದಿಲ್ಲ ಎಂಬುದನ್ನು ಆ ಒಂದು ಪದದಲ್ಲಿ ಒಪ್ಪಿಕೊಂಡಿರುತ್ತಾರೆ. ಆದರೆ ಅದೇ ಪ್ರಾಮಾಣಿಕತೆ ಎಲ್ಲ ಕಿಟಕಿಗಳಲ್ಲೂ ಸಿಗುವುದಿಲ್ಲ. ಪಡಿತರದ ಅಂಗಡಿಯಲ್ಲಿ ಬೆರಳಚ್ಚಿನ ಯಂತ್ರದ ಮುಂದೆ ನಿಂತ ಗೌಂಡಿಯನ್ನು ನೆನಸಿಕೊಳ್ಳಿ. ಸಿಮೆಂಟು ಸುಣ್ಣದಲ್ಲಿ ಸವೆದ ಹೆಬ್ಬೆರಳಿನ ಗೆರೆಗಳು ಯಂತ್ರಕ್ಕೆ ಸಿಗುವುದಿಲ್ಲ. ಯಂತ್ರ ಹೇಳುವುದು 'ಹೊಂದಿಕೆಯಾಗಲಿಲ್ಲ' ಎಂದಷ್ಟೇ. ಆದರೆ ಅದು ಅವನ ಕಿವಿಗೆ ಬೀಳುವ ಹೊತ್ತಿಗೆ 'ನೀನು ನೀನಲ್ಲ' ಎಂದಾಗಿರುತ್ತದೆ. ಕನ್ನಡದಲ್ಲಿ 'ಇಲ್ಲ' ಬೇರೆ, 'ಅಲ್ಲ' ಬೇರೆ. ಯಂತ್ರದ 'ಸಿಗಲಿಲ್ಲ' ಎಂಬುದು ಮನುಷ್ಯನ ಪಾಲಿಗೆ 'ಅಲ್ಲ' ಆಗುವ ಈ ಜಾಗದಲ್ಲೇ ಅನ್ಯಾಯ ಹುಟ್ಟುತ್ತದೆ. ಎಷ್ಟು ದುಡಿದರೆ ಬೆರಳು ಅಷ್ಟು ಸವೆಯುತ್ತದೆ. ಯಾರು ಹೆಚ್ಚು ದುಡಿದರೋ ಅವರೇ ಯಂತ್ರಕ್ಕೆ ಕಡಿಮೆ ಕಾಣುತ್ತಾರೆ. ಗುರುತಿನ ಕೆಲಸಕ್ಕೆ ಬೆರಳನ್ನೇ ಆರಿಸಿಕೊಂಡವರು ಸವೆಯದ ಬೆರಳಿನವರಾಗಿರಬೇಕು.

ಇದಕ್ಕಿಂತ ಹತ್ತಿರದ, ಇದಕ್ಕಿಂತ ದೀರ್ಘವಾದ ಉದಾಹರಣೆಯೊಂದು ನಮ್ಮ ಜಿಲ್ಲೆಯಲ್ಲೇ ಇದೆ. ಗೋವಾದ ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಪಶ್ಚಿಮ ಘಟ್ಟದ ಕಾಡು ಸೇರಿದವರ ಸಂತತಿ ಎಂದು ಸಿದ್ದಿಗಳನ್ನು ಸಾಮಾನ್ಯವಾಗಿ ಗುರುತಿಸುತ್ತಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳಲ್ಲಿ ಅವರು ಇರುವಂತೆ ಧಾರವಾಡ ಜಿಲ್ಲೆಯ ಕಲಘಟಗಿ, ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಗೂ ಇದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಅವರಲ್ಲಿದ್ದಾರೆ. 2003ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಆದರೆ ಆ ಸಾಲಿನಲ್ಲಿ ಉತ್ತರ ಕನ್ನಡ ಜಿಲ್ಲೆ ಎಂದು ಬರೆದಿತ್ತು. ಧಾರವಾಡ, ಬೆಳಗಾವಿ ಜಿಲ್ಲೆಗಳ ಹೆಸರು ಆ ಸಾಲಿಗೆ ಸೇರಿದ್ದು 2020ರ ತಿದ್ದುಪಡಿಯಲ್ಲಿ. ನಡುವೆ ಹದಿನೇಳು ವರ್ಷ.

ಒಂದೇ ಮನೆತನದ ಅಣ್ಣ ಹಳಿಯಾಳದ ಕಡೆ, ತಮ್ಮ ಕಲಘಟಗಿಯ ಕಡೆ ಇದ್ದನೆಂದು ಊಹಿಸಿ. ಕಾಡು ಒಂದೇ, ಕೂದಲು ಒಂದೇ, ಹಾಡು ಒಂದೇ. ನಡುವೆ ಇರುವುದು ಆಡಳಿತಕ್ಕೆಂದು ಎಳೆದ ಜಿಲ್ಲೆಯ ಗೆರೆ. ಆ ಹದಿನೇಳು ವರ್ಷ ಅಣ್ಣನ ಮಗ ಪಟ್ಟಿಯಲ್ಲಿದ್ದ, ತಮ್ಮನ ಮಗ ಇರಲಿಲ್ಲ. ಆರು ವರ್ಷದ ಮಗು ಶಾಲೆಗೆ ಸೇರಿ, ಕಲಿತು, ಕಾಲೇಜು ಮುಗಿಸಿ ಹೊರಬರುವಷ್ಟು ದೀರ್ಘ ಕಾಲ ಅದು. ತಮ್ಮ ಎಲ್ಲಿಗೂ ಹೋಗಿರಲಿಲ್ಲ. ಅವನು ನಿಂತ ಬಾಗಿಲಿನ ಹಿಂದೆ ಕೇಳಿಸಿಕೊಳ್ಳುವವರು ಇರಲಿಲ್ಲ. ಸಂವಿಧಾನದ 342ನೆಯ ವಿಧಿಯ ಪ್ರಕಾರ ಒಮ್ಮೆ ಪ್ರಕಟವಾದ ಈ ಪಟ್ಟಿಯನ್ನು ಬದಲಿಸುವ ಅಧಿಕಾರ ಸಂಸತ್ತಿಗೆ ಮಾತ್ರ. ಕಲಘಟಗಿಯ ತಹಶೀಲ್ದಾರ ಕಣ್ಣಾರೆ ಕಂಡರೂ ಪ್ರಮಾಣಪತ್ರ ಕೊಡುವಂತಿರಲಿಲ್ಲ. ಪಟ್ಟಿ ಹೀಗೆ ಬಿಗಿಯಾಗಿರುವುದಕ್ಕೆ ಕಾರಣವೂ ಇದೆ: ಸಡಿಲವಾಗಿದ್ದರೆ ಬಲವುಳ್ಳವರು ನುಗ್ಗಿ ನಿಜವಾದವರನ್ನು ಹೊರದಬ್ಬುತ್ತಿದ್ದರು. ಆದರೆ ಬಿಗಿಯಾದ ಬಾಗಿಲು ಕಟ್ಟಿದವನಿಗೆ, ಆ ಬಾಗಿಲಿನ ಆಚೆ ಯಾರು ಉಳಿದಿದ್ದಾರೆಂದು ಆಗಾಗ ಎದ್ದು ಹೋಗಿ ನೋಡುವ ಕೆಲಸವೂ ಅಂಟಿಕೊಂಡೇ ಬರುತ್ತದೆ.

ಪಟ್ಟಿಯ ಆಚೆ ಈಚೆ ಇರುವುದರಿಂದ ಏನಾಗುತ್ತದೆ ಎಂಬುದಕ್ಕೆ 2006ರ ಅರಣ್ಯ ಹಕ್ಕು ಕಾಯ್ದೆಯನ್ನು ನೋಡಬೇಕು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಆ ಕಾಡಿನ ಜಮೀನಿನಲ್ಲಿ ಇದ್ದರೆಂದು ತೋರಿಸಿದರೆ ಹಕ್ಕು ಕೇಳಬಹುದು. ಪಟ್ಟಿಯಲ್ಲಿಲ್ಲದ ಪಾರಂಪರಿಕ ಅರಣ್ಯವಾಸಿಗಳು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನೆಚ್ಚಿ ಬದುಕಿದ್ದನ್ನು ತೋರಿಸಬೇಕು. ಅಣ್ಣನಿಗೆ ಒಂದು ಅಳತೆ, ತಮ್ಮನಿಗೆ ಇನ್ನೊಂದು. ಯಾರ ಹೆಸರು ಯಾವ ಕಾಗದದಲ್ಲೂ ಬರೆದಿರಲಿಲ್ಲವೋ ಅವರಿಂದಲೇ ಹೆಚ್ಚು ಹಳೆಯ ಸಾಕ್ಷ್ಯ ಕೇಳಿದಂತಾಯಿತು.

ಹಾಗೆಂದು ಆ ಕಾಯ್ದೆಯನ್ನು ಬೈಯುವುದು ನನ್ನ ಉದ್ದೇಶವಲ್ಲ. ಅದರ ಹೆಸರಿನಲ್ಲೇ ಹಕ್ಕುಗಳ 'ಮಾನ್ಯತೆ' ಎಂಬ ಮಾತಿದೆ. ಹೊಸದಾಗಿ ಹಕ್ಕು ದಾನ ಮಾಡುತ್ತಿದ್ದೇವೆ ಎಂದು ಅದು ಹೇಳುವುದಿಲ್ಲ. ತಲೆಮಾರುಗಳಿಂದ ಅಲ್ಲೇ ಇದ್ದವರ ಹಕ್ಕುಗಳು ದಾಖಲಾಗದೆ ಉಳಿದವು, ಅದು ಚಾರಿತ್ರಿಕ ಅನ್ಯಾಯ ಎಂದು ಪೀಠಿಕೆಯಲ್ಲೇ ಒಪ್ಪಿಕೊಳ್ಳುತ್ತದೆ. ಇದ್ದವರು ಇದ್ದೇ ಇದ್ದರು, ನೋಡಿದ ನಮ್ಮ ನೋಟ ಯೋಗ್ಯವಾಗಿರಲಿಲ್ಲ ಎಂದು ಒಂದು ಸರ್ಕಾರ ಬರೆದುಕೊಟ್ಟಿದ್ದು ಸಣ್ಣ ಸಂಗತಿಯಲ್ಲ. ನಿಯಮಗಳಲ್ಲಿ ಊರಿನ ಹಿರಿಯರ ಬಾಯಿಮಾತನ್ನು ಬರೆದುಕೊಂಡು ಸಾಕ್ಷ್ಯವಾಗಿ ಒಪ್ಪುವ ಅವಕಾಶವೂ ಇದೆ. ಕಾಗದವೊಂದೇ ಕಣ್ಣು ಎಂದುಕೊಂಡ ವ್ಯವಸ್ಥೆ ಇನ್ನೊಂದು ಇಂದ್ರಿಯವನ್ನು ಬೆಳೆಸಿಕೊಂಡಂತೆ ಇದು. ಯೋಗ್ಯ ನೋಟ ಎಂದರೆ ಹೀಗೆ: ಕಾಣಬೇಕಾದವರಿಗೆ ತಕ್ಕ ಕಣ್ಣು ಮಾಡಿಕೊಳ್ಳುವುದು.

ಗುರುತಿಸುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಅದನ್ನೂ ಡಿಸ್ಕೇ ತೋರಿಸುತ್ತದೆ. ಲಿನಕ್ಸಿನಲ್ಲಿ ಬರೆದ ಡಿಸ್ಕನ್ನು ವಿಂಡೋಸಿಗೆ ಜೋಡಿಸಿದರೆ, ಇದನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೆ ಎಂದು ಅದು ಬಹಳ ವಿನಯದಿಂದ ಕೇಳುವುದುಂಟು. ಡಿಸ್ಕಿನ ತುಂಬ ಯಾರದೋ ಹತ್ತು ವರ್ಷದ ಕೆಲಸ ಇರಬಹುದು. ವಿಂಡೋಸಿಗೆ ಆ ಬರಹದ ಕ್ರಮ ಓದಲು ಬರುವುದಿಲ್ಲ. 'ನನಗೆ ಓದಲು ಬರುವುದಿಲ್ಲ' ಎನ್ನಬೇಕಾದಲ್ಲಿ ಅದು 'ಅಳಿಸಿ ನನ್ನ ಕ್ರಮದಲ್ಲಿ ಬರೆಯಲೆ' ಎನ್ನುತ್ತದೆ. ಹೌದು ಎಂದರೆ ಡಿಸ್ಕು ಕೂಡಲೇ ಕಾಣುತ್ತದೆ, ಆದರೆ ಅದರಲ್ಲಿ ಇದ್ದದ್ದು ಹೋಗಿರುತ್ತದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕನ್ನಡ ಕಡತಗಳನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಇದರ ಇನ್ನೊಂದು ರೂಪ ಗೊತ್ತು. ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. ಕಡತ ಕೆಟ್ಟಿದೆ ಎಂದು ಅಳಿಸಿದವರೆಷ್ಟೋ. ಕೆಟ್ಟದ್ದು ಏನೂ ಇರುವುದಿಲ್ಲ. ಪರಿವರ್ತಕ ಹಾಕಿ ಯೂನಿಕೋಡಿಗೆ ತಂದರೆ ಒಂದೊಂದು ಒತ್ತಕ್ಷರವೂ ಎದ್ದು ಬರುತ್ತದೆ.

ಮನುಷ್ಯರನ್ನೂ ನಾವು ಹೀಗೆ ಗುರುತಿಸುತ್ತೇವೆ. ನಿನ್ನ ಮಾತು ಬಿಟ್ಟು ನಮ್ಮ ಮಾತಾಡು, ನಿನ್ನ ಹೆಸರನ್ನು ನಮ್ಮ ಅರ್ಜಿಯ ಚೌಕಕ್ಕೆ ಹೊಂದುವಂತೆ ಬದಲಿಸಿಕೋ, ಆಮೇಲೆ ನೀನು ಇದ್ದೀಯ ಎಂದು ಒಪ್ಪುತ್ತೇವೆ. ಧಾರವಾಡದಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದ ಎಷ್ಟೋ ಹುಡುಗರು ಒಂದು ವರ್ಷದಲ್ಲಿ 'ವಲ್ದು' ಕಳೆದುಕೊಂಡು ಬರುತ್ತಾರೆ. ಅದು ಅವರಿಗೆ ಬೇಕೆಂದು ಆದದ್ದಾದರೆ ತಕರಾರಿಲ್ಲ. ಬೇರೆಯವರಿಗೆ ಓದಲು ಬಾರದ್ದಕ್ಕೆ ತಾವು ಅಳಿಸಿಕೊಳ್ಳಬೇಕಾಗಿ ಬಂದರೆ ಅದು ಗುರುತಿಸಿದಂತಲ್ಲ. ಆದ್ದರಿಂದ ಯೋಗ್ಯ ನೋಟದ ನಿಯಮಕ್ಕೆ ಎರಡನೆಯ ಭಾಗ ಸೇರಿಸಬೇಕು. ನನಗೆ ಓದಲು ಬಾರದ್ದು ಖಾಲಿಯಲ್ಲ. ಓದು ಕಲಿಯುವ ಹೊಣೆ ಮೊದಲು ಓದುವವನದು, ಆಮೇಲೆ ಬರೆದವನದು.

ಈ ಹೊಣೆ ಎಷ್ಟು ದೂರದವರೆಗೆ? ಎಲ್ಲ ಖಾಲಿ ಸಾಲಿನ ಹಿಂದೆಯೂ ಬದುಕು ಪೂರ್ತಿ ಹುಡುಕುತ್ತ ಕೂರಲಾಗುವುದಿಲ್ಲ. ನನಗೆ ತೋಚುವ ಅಳತೆ ಇದು: ಮಾತು ತಪ್ಪಾದರೆ ಅದರ ಬೆಲೆ ಯಾರು ತೆರುತ್ತಾರೆ? ಇರುವ ಡಿಸ್ಕನ್ನು ಇಲ್ಲವೆಂದುಕೊಂಡರೆ ನಷ್ಟ ನನ್ನದೇ, ಕೆಲವು ಸಾವಿರ ರೂಪಾಯಿ. ಅಲ್ಲಿ ಸಾಕೆನಿಸಿದಾಗ ನಿಲ್ಲಿಸಬಹುದು. ಆದರೆ ಇರುವ ಮನುಷ್ಯನನ್ನು ಇಲ್ಲವೆಂದರೆ, ಹೇಳಿದವನು ಸಂಜೆ ಐದೂವರೆಗೆ ಕಿಟಕಿ ಮುಚ್ಚಿ ಮನೆಗೆ ಹೋಗುತ್ತಾನೆ. ಬೆಲೆಯೆಲ್ಲ ಇಲ್ಲವೆನಿಸಿಕೊಂಡವನ ಮೇಲೆ ಬೀಳುತ್ತದೆ. ನೋಡುವವನಿಗೆ ನಷ್ಟವಿಲ್ಲದ ಕಡೆ ನೋಟ ಸೋಮಾರಿಯಾಗುವುದು ಸಹಜ. ಅಂಥ ಕಡೆಯಲ್ಲೇ ಎಂಟು ಕಾರಣಗಳ ಪಟ್ಟಿ ಗೋಡೆಯ ಮೇಲೆ ತೂಗಿರಬೇಕು. ದೂರ ಕೂತು ನೋಡುತ್ತಿದ್ದೇನೆಯೆ? ನನ್ನ ಯಂತ್ರ ಸರಿಯಿದೆಯೆ? ನಡುವೆ ಯಾರ ಗೋಡೆ ಇದೆ? ಯಾವ ಸೂರ್ಯನ ಮುಂದೆ ಇವನು ನಿಂತಿದ್ದಾನೆ? ಕೇಳಿದ ಪ್ರಶ್ನೆಗೆ ಉತ್ತರ ಬರುವಷ್ಟು ಹೊತ್ತು ಕಾದೆನೆ?

ಇಷ್ಟೆಲ್ಲ ಕೇಳಿಕೊಂಡ ಮೇಲೂ 'ಇಲ್ಲ' ಎನ್ನಬೇಕಾಗಿ ಬಂದರೆ ಅಂಜದೆ ಅನ್ನಬಹುದು. ಆ 'ಇಲ್ಲ'ದಲ್ಲಿ ದೀಪ ಹಚ್ಚಿ ನೋಡಿದವನ ಸಾಕ್ಷಿ ಇರುತ್ತದೆ. ಕೇಳಿಕೊಳ್ಳುವ ಪುರುಸೊತ್ತಿಲ್ಲದಿದ್ದರೆ 'ನನಗೆ ಕಾಣಲಿಲ್ಲ' ಎಂದಷ್ಟೇ ಬರೆದು, ಬಾಗಿಲಿನ ಆಚೆಯವನಿಗೆ ನಾಳೆ ಮತ್ತೆ ಬರಲು ಒಂದು ದಾರಿ ಬಿಡಬೇಕು. ಕಲಘಟಗಿಯ ಕಾಡಂಚಿನಲ್ಲಿ 2003ರಲ್ಲಿ ಶಾಲೆಗೆ ಸೇರಿದ ಸಿದ್ದಿ ಮಗುವಿಗೆ 2020ರ ತಿದ್ದುಪಡಿ ಬರುವಾಗ ಇಪ್ಪತ್ತಮೂರು ವರ್ಷ. ಆ ಮಗು ಆ ವರ್ಷಗಳಲ್ಲಿ ಪ್ರತಿ ದಿನವೂ ಅಲ್ಲೇ ಇತ್ತು.